ಗುಡ್ಡೆಯ ಕಾಡು, ಮನೆಯ ಬಾವಿ: ಹೆತ್ತವರಿಗೊಂದು ಪತ್ರ

ಮಾನ್ಯ ರಕ್ಷಕರೇ,

ಬರುವ ಸೋಮವಾರದಿಂದ ಆರು ಮತ್ತು ಏಳನೇ ತರಗತಿಯ ಮಕ್ಕಳು ಮನೆಯ ಬಾವಿಯ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಅಳೆದು ಬರೆದಿಡಲಿದ್ದಾರೆ. ಇದು ಯಾಕೆಂದು ನಿಮಗೂ ತಿಳಿದಿರಲಿ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುತ್ತದೆ. ಆದರೂ ಬೇಸಗೆಯಲ್ಲಿ ಕೊಡಪಾನ ಹಿಡಿದು ಟ್ಯಾಂಕರಿಗೆ ಕಾಯುವ ಮನೆಗಳಿವೆ. ಅಷ್ಟು ನೀರು ಎಲ್ಲಿಗೆ ಹೋಯಿತು ಎಂದು ಮಕ್ಕಳು ಕೇಳಿದರೆ ನಾವು ಗುಡ್ಡೆಯನ್ನೇ ತೋರಿಸಬೇಕು.

ಕಾಡಿರುವಲ್ಲಿ ಮಳೆಹನಿ ಮೊದಲು ಎಲೆಯ ಮೇಲೆ, ಆಮೇಲೆ ತರಗೆಲೆಯ ಮೇಲೆ ಬೀಳುತ್ತದೆ. ಬೇರು, ಎರೆಹುಳಗಳು ಮಾಡಿದ ತೂತುಗಳಲ್ಲಿ ಮಣ್ಣಿಗಿಳಿದು, ಮುರಕಲ್ಲಿನ (ಕೆಂಪುಕಲ್ಲಿನ) ಸಂದುಗಳಲ್ಲಿ ನಿಧಾನಕ್ಕೆ ಸಾಗಿ, ತಿಂಗಳುಗಳ ನಂತರವೂ ಬಾವಿಗೆ, ತೋಡಿಗೆ (ಸಣ್ಣ ಹಳ್ಳಕ್ಕೆ) ಒಸರುತ್ತದೆ. ಬಾಯಾರು, ಎಣ್ಮಕಜೆ ಕಡೆಯ ಹಿರಿಯರು ಗುಡ್ಡೆಯೊಳಗೆ ಸುರಂಗ ಕೊರೆದು ಪಂಪಿಲ್ಲದೆ ಅಡಿಕೆ ತೋಟಕ್ಕೆ ನೀರು ತಂದದ್ದು ಈ ಒಸರನ್ನು ನಂಬಿಯೇ. ಕಾಡು ಬೋಳಿಸಿ ಜೇಸಿಬಿಯಲ್ಲಿ ಮಟ್ಟ ಮಾಡಿದ ಜಾಗದಲ್ಲಿ ಹನಿ ನೇರ ನೆಲಕ್ಕೆ ಬಡಿಯುತ್ತದೆ, ಮೇಲ್ಮಣ್ಣು ಬಿಗಿಯುತ್ತದೆ, ನೀರು ಮಣ್ಣನ್ನೂ ಎಳೆದುಕೊಂಡು ಓಡುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೆಂಪಾಗಿ ಉಕ್ಕಿದ ತೋಡೇ ಸುಗ್ಗಿ ತಿಂಗಳಿಗೆ (ಮಾರ್ಚ್-ಏಪ್ರಿಲ್) ಒಣಗುವುದು ಹೀಗೆ. ಹೂಳು ತುಂಬಿದ ಹೊಳೆ ಮುಂದಿನ ಮಳೆಗಾಲ ಇನ್ನೂ ಬೇಗ ದಡ ಮೀರುತ್ತದೆ.

2016ರಲ್ಲಿ ಮಳೆ ಕೈಕೊಟ್ಟು ಕೇರಳದ 14 ಜಿಲ್ಲೆಗಳನ್ನೂ ಬರಪೀಡಿತವೆಂದು ಸಾರಲಾಯಿತು. 2018ರ ಆಗಸ್ಟಿನಲ್ಲಿ ಮಹಾಪ್ರವಾಹ. ಅದೇ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಕುಸಿಯಿತು. ಅಲ್ಲಿಂದ ಇಳಿಯುವ ಪಯಸ್ವಿನಿಯೇ ನಮ್ಮಲ್ಲಿ ಚಂದ್ರಗಿರಿ ಹೊಳೆ. ಅಂಥ ಮಳೆಯನ್ನು ಕಾಡೊಂದೇ ತಡೆಯುತ್ತದೆ ಎಂದು ಮಕ್ಕಳಿಗೆ ಹೇಳಲಾರೆವು, ಅದು ಸುಳ್ಳಾಗುತ್ತದೆ. ಆದರೆ ವಾಡಿಕೆಯ ಮಳೆಗೂ ಅಂಗಳಕ್ಕೆ ನೀರು ನುಗ್ಗುವುದರಲ್ಲಿ, ವಾಡಿಕೆಯ ಬೇಸಗೆಗೂ ಬಾವಿ ತಳ ಕಾಣುವುದರಲ್ಲಿ ಬೋಳುಗುಡ್ಡೆಯ ಪಾಲು ದೊಡ್ಡದು.

ಪರಿಸರ ದಿನಕ್ಕೆ ಮಕ್ಕಳ ಕೈಯಲ್ಲಿ ಸಸಿ ಕೊಟ್ಟು ಕಳಿಸುತ್ತೇವೆ, ನೆಟ್ಟು ಸಾಕಿ. ಆದರೆ ನನ್ನ ಮುಖ್ಯ ವಿನಂತಿ ಬೇರೆ: ನಿಮ್ಮ ಜಾಗದ ಗುಡ್ಡೆಬದಿಯಲ್ಲಿ, ನಾಗಬನದ ಸುತ್ತ ಉಳಿದಿರುವ ಕಾಡನ್ನು ದಯವಿಟ್ಟು ಕಡಿಸಬೇಡಿ. ಈಗ ನೆಡುವ ಸಸಿ ಆ ಮರಗಳ ಕೆಲಸ ಮಾಡಬೇಕಾದರೆ ಈ ಮಕ್ಕಳಿಗೇ ಮಕ್ಕಳಾಗಿರುತ್ತಾರೆ.

ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆಯುವಾಗ ಮನೆಯ ಹಿರಿಯರೊಬ್ಬರು ಜೊತೆಗಿರಲೇಬೇಕು. ಕಟ್ಟೆಯಿಲ್ಲದ ಬಾವಿಯ ಹತ್ತಿರ ಮಕ್ಕಳನ್ನು ಬಿಡಬೇಡಿ, ಅಂಥವರಿಗೆ ಶಾಲೆಯ ಬಾವಿಯಲ್ಲೇ ಅಳತೆ ಮಾಡಿಸುತ್ತೇವೆ. ಮನೆಯಲ್ಲಿ ಸುರಂಗವಿದ್ದರೆ ತರಗತಿಯ ಅಧ್ಯಾಪಕರಿಗೆ ತಿಳಿಸಿ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳುಹಿಸಿಕೊಡಿ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯರು