ಮಂಗಳೂರಿನ ಹಳೇ ಕಾಗದಗಳನ್ನು ಉಳಿಸಿದವರಿಗೆ, ಓದಿಸಿದವರಿಗೆ

ಕಳೆದ ಭಾನುವಾರ ಸಂಜೆ ನಮ್ಮ ಮಂಡಿಯ ಮಾಳಿಗೆಯಲ್ಲಿ ಹನ್ನೊಂದು ಕಾಗದಗಳನ್ನು ಕನ್ನಡದಲ್ಲಿ ಓದಿ ಮುಗಿಸಿದೆವು. ಎರಡೂವರೆ ವರ್ಷ ಹಿಡಿದ ಕೆಲಸ. ನಡುವೆ ನನ್ನ ಕಣ್ಣಿನ ಆಪರೇಷನ್ ಆಗಿ ಐದು ತಿಂಗಳು ಒಂದಕ್ಷರ ಓದಲು ಆಗಲಿಲ್ಲ. ಆಗ ನಿಂತೇಹೋಗಬೇಕಿತ್ತು. ನಿಲ್ಲಲು ಬಿಡದವರಿಗೆ ಈ ಬರಹ.

ಕಾಗದಗಳು ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯವು. ಈಗಿನ ಟ್ಯುನೀಷಿಯಾದ ಮಹ್ದಿಯಾ ಊರಿನ ಯಹೂದಿ. 1132ರ ಹೊತ್ತಿಗೆ ನಮ್ಮ ಮಂಗಳೂರಿನಲ್ಲಿದ್ದ. 1149ರಲ್ಲಿ ಈಗಿನ ಯೆಮೆನ್ ದೇಶದ ಬಂದರು ಏಡನ್‌ಗೆ ವಾಪಸು ಹೋದ. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಏಡನ್‌ನಿಂದ ಒಡೆದ ತಾಮ್ರದ ಪಾತ್ರೆಗಳು ಬಂದರೆ ಕರಗಿಸಿ ಹೊಸದು ಮಾಡಿಸಿಕೊಡುತ್ತಿದ್ದ. ಇಲ್ಲಿಯೇ ಆಶು ಎಂಬ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿದ ಪತ್ರವೂ ಇದೆ, 1132ರದ್ದು. ಒಬ್ಬ ನೌಕರನಿದ್ದ, ಮಾಲು ತೆಗೆದುಕೊಂಡು ಏಡನ್‌ವರೆಗೂ ಹೋಗಿಬರುತ್ತಿದ್ದ. ಅವನ ಹೆಸರನ್ನು ಸ್ವರವಿಲ್ಲದ ಹೀಬ್ರೂ ಅಕ್ಷರಗಳಲ್ಲಿ ಬರೆದಿದ್ದಾರೆ. ನಮ್ಮ ಕಿವಿಗೆ ಅದು ಬೊಮ್ಮ ಅಂತಲೇ ಕೇಳಿಸುತ್ತದೆ, ಅಲ್ವಾ? ಏಡನ್‌ನ ದೊಡ್ಡ ವ್ಯಾಪಾರಿ ಮದ್ಮೂನ್ ಕಾಗದ ಬರೆದರೆ ಅವನಿಗೂ ಸಲಾಮು ಹೇಳುತ್ತಿದ್ದ.

ಇಷ್ಟೆಲ್ಲ ಉಳಿದದ್ದು ಹೇಗೆ ಗೊತ್ತಾ? ಬರೆದ ಕಾಗದದಲ್ಲಿ ದೇವರ ಹೆಸರಿರಬಹುದು, ಎಸೆಯಬಾರದು ಎಂದು ಯಹೂದಿಗಳ ಪದ್ಧತಿ. ಕಾಗದಕ್ಕೆ ಕಾಲು ತಾಗಿದರೆ ನಾವು ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಹಾಗೆಯೇ. ಹಳೇ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಶತಮಾನಗಟ್ಟಲೆ ಕಾಗದ ಬೀಳುತ್ತಲೇ ಇತ್ತು. ವಿದ್ವಾಂಸ ಸೊಲೊಮನ್ ಷೆಕ್ಟರ್ 1896ರ ಕೊನೆಗೆ ಅಲ್ಲಿಗೆ ಹೋಗಿ ಅದರಲ್ಲಿ ಬಹುಪಾಲನ್ನು ಕೇಂಬ್ರಿಡ್ಜ್‌ಗೆ ತಂದರು. ಯಾರ ಪ್ರಾರ್ಥನೆ, ಯಾರ ಲೆಕ್ಕ ಎಂದು ನೋಡದೆ ಎಲ್ಲವನ್ನೂ ಇಟ್ಟ ಆ ಕೋಣೆಯವರಿಗೆ ನನ್ನ ಮೊದಲ ನಮಸ್ಕಾರ. ಆಮೇಲೆ ಎಸ್.ಡಿ. ಗೊಯ್ಟೈನ್ ಅವರಿಗೆ. ಚೂರುಚೂರಾದ ಹಾಳೆಗಳಿಂದ ಭಾರತದ ವ್ಯಾಪಾರದ ಕಾಗದಗಳನ್ನು ಆರಿಸಿ ಓದಿದವರು ಅವರು. 1985ರಲ್ಲಿ ಅವರು ತೀರಿಕೊಂಡಾಗ ಕೆಲಸ ಬಾಕಿಯಿತ್ತು. ಮೊರ್ದೆಖಾಯ್ ಫ್ರೀಡ್‌ಮನ್ ಅದನ್ನು ಮುಂದುವರಿಸಿದರು. ಕೇಂಬ್ರಿಡ್ಜ್ ಗ್ರಂಥಾಲಯದವರು ಹಾಳೆಗಳ ಫೋಟೋಗಳನ್ನು ಎಲ್ಲರೂ ನೋಡುವಂತೆ ಇಟ್ಟಿದ್ದಾರೆ. ಅಡಿಕೆ ಮಂಡಿಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದ ನನ್ನಂಥವನೂ ಬಂದರಿನಲ್ಲಿ ಕೂತು ಬೆನ್ ಯಿಜುವಿನ ಕೈಬರಹ ನೋಡಬಹುದು.

ಆ ಕೈಬರಹ ನೋಡಿದ ಮೊದಲ ದಿನ ನನಗೆ ಮರೆಯುವುದಿಲ್ಲ. ಆಗ ಮಂಗಳೂರಿನಲ್ಲಿ ಬರೆಯುವ ಕಾಗದ ಸಿಗುತ್ತಿರಲಿಲ್ಲ. ಏಡನ್‌ನ ಗೆಳೆಯರು ಸಕ್ಕರೆ, ಒಣದ್ರಾಕ್ಷಿ ಜೊತೆ ಕಾಗದವನ್ನೂ ಉಡುಗೊರೆಯಾಗಿ ಕಳಿಸುತ್ತಿದ್ದರು. ಹಾಗಾಗಿ ಬಂದ ಪತ್ರಗಳ ಖಾಲಿ ಜಾಗದಲ್ಲೇ ಇವನ ಲೆಕ್ಕ. ಸಾಲುಗಳ ನಡುವೆ, ಬೆನ್ನ ಮೇಲೆ, ಚೂರೂ ಬಿಟ್ಟಿಲ್ಲ. ನಮ್ಮ ಹಿಂದಿನ ಧಣಿಗಳು ಮದುವೆ ಕಾಗದದ ಹಿಂದೆ ತೂಕ ಬರೆಯುತ್ತಿದ್ದದ್ದು ನೆನಪಾಗಿ ಗಂಟಲು ಕಟ್ಟಿತು. ಏಲಕ್ಕಿಗೆ ಮುಂಗಡ ತೆಗೆದುಕೊಂಡು ಮಾಲು ಕೊಡದವನ ತಕರಾರೂ ಇದೆ. 'ಬಾಕಿ ಉಳಿಸಿಕೊಂಡವರ ಮಾನ ನಾವಿಲ್ಲಿ ಕಳೆಯುತ್ತೇವೆ ಎಂದು ಹೆದರಿಸಿ ನೋಡು' ಎಂಬರ್ಥದ ಬುದ್ಧಿಮಾತು ಏಡನ್‌ನಿಂದ ಬಂದಿದೆ. ಮಂಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲೇ ಇಲ್ಲ.

ಇನ್ನು ಮನೆಯವರ ಸರದಿ. ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ ಮಗಳು ದಿನಾ ರಾತ್ರಿ ಇಂಗ್ಲಿಷ್ ಅನುವಾದ ಓದಿದಳು. ನಾನು ಹೇಳಿದ ಕನ್ನಡವನ್ನು ಹೆಂಡತಿ ಹಳೇ ಕಿರ್ದಿ ಪುಸ್ತಕದಲ್ಲಿ ಬರೆದಳು. ಎಷ್ಟೋ ಕಡೆ ನನ್ನ ಮಾತನ್ನು ತಿದ್ದಿದವಳೂ ಅವಳೇ. ಆ ಪತ್ರಗಳು ಹೀಬ್ರೂ ಲಿಪಿಯಲ್ಲಿದ್ದರೂ ಭಾಷೆ ಅರಬ್ಬಿ. ಪಕ್ಕದ ಬೀದಿಯ ಬ್ಯಾರಿ ಗೆಳೆಯರೊಬ್ಬರು ಅರಬ್ಬಿ ಪದಗಳನ್ನು ಹೇಳಿಕೊಟ್ಟರು, ಅಂಗಡಿ ಮುಚ್ಚಿದ ಮೇಲೆ ಎಷ್ಟು ಹೊತ್ತಾದರೂ ಸರಿ. ಮಾಳಿಗೆ ಗುಡಿಸಿ, ಫ್ಯಾನ್ ಹಾಕಿಸಿ, ಎಲ್ಲರಿಗೂ ಅವಲಕ್ಕಿ, ಚಹಾ ಮಾಡಿಸಿದ ಈಗಿನ ಧಣಿಗಳಿಗೆ ಏನು ಹೇಳಲಿ, ನಿಮ್ಮ ಋಣ ದೊಡ್ಡದು.

ಕೊನೆಗೆ ಓದಿದ್ದು ಹಡಗು ಒಡೆದ ಕಾಗದ. ಕೆಂಪು ಸಮುದ್ರದ ಬಾಯಲ್ಲಿರುವ ಬಾಬ್ ಅಲ್ ಮಂದಬ್ ಜಲಸಂಧಿಯ ಹತ್ತಿರ ಹಡಗು ಮುಳುಗಿತು. ಕಾಳುಮೆಣಸು ಪೂರ್ತಿ ಹೋಯಿತು. ಏಡನ್‌ನಿಂದ ಮುಳುಗುಗಾರರನ್ನು ಕರೆಸಿ ಕಬ್ಬಿಣದಲ್ಲಿ ಸುಮಾರು ಅರ್ಧ ಮೇಲೆತ್ತಿದರು. ಓದಿ ನಿಲ್ಲಿಸಿದಾಗ, ದಕ್ಕೆಯಲ್ಲಿ ನಲವತ್ತು ವರ್ಷ ಮೂಟೆ ಹೊತ್ತ ಅಜ್ಜರೊಬ್ಬರು ಹಿಂದಿನಿಂದ ಕೇಳಿದರು, 'ಮುಳುಗಿದವರಿಗೆ ಕೂಲಿ ಕೊಟ್ಟರಾ?'

ಕಾಗದದಲ್ಲಿ ಅದೂ ಇತ್ತು. ಕಬ್ಬಿಣ ಮಾರಿದ ಹಣದಲ್ಲಿ ಮುಳುಗಿದವರ ಖರ್ಚು, ಸಾಗಣೆಯ ಖರ್ಚು ಮೊದಲು ಕಳೆಯುವುದು, ಉಳಿದದ್ದು ಪಾಲುದಾರರಿಗೆ. ಆ ಸಾಲನ್ನು ಇನ್ನೊಮ್ಮೆ ಓದಿ ಹೇಳಿದೆ. 'ಹಾಗಾದರೆ ಸರಿ' ಎಂದು ಅಜ್ಜ ಚಹಾ ಲೋಟ ಎತ್ತಿಕೊಂಡರು.