ನೀರು ಯಾವ ಬೀದಿಗೆ ಬರುತ್ತದೆ, ಅಷ್ಟು ಹೇಳಿ ಸಾರ್

ದಾವಣಗೆರೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ ತುಂಗಭದ್ರಾ ಹೊಳೆ ದಂಡೆಯ ಹೊನ್ನಾಳಿಯಿಂದ ನಮಸ್ಕಾರ.

ಮಳೆ ಜೋರಾದರೆ ನಮಗೆ ಸಿಗುವ ಸುದ್ದಿ ಒಂದೇ. ಗಾಜನೂರಿನ ತುಂಗಾ ಡ್ಯಾಮಿನಿಂದ ಇಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು) ಬಿಟ್ಟಿದ್ದಾರೆ, ಹೊಳೆ ದಂಡೆಯವರು ಹುಷಾರು. ಆ ಡ್ಯಾಮಿನಲ್ಲಿ ಹಿಡಿಸುವುದೇ ಸುಮಾರು 3.24 ಟಿಎಂಸಿ. ಭದ್ರಾ ಡ್ಯಾಮಿನಂತೆ 71.5 ಟಿಎಂಸಿ ಇಟ್ಟುಕೊಳ್ಳಲು ಅಲ್ಲಿ ಜಾಗವಿಲ್ಲ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದು ಹೆಚ್ಚುಕಮ್ಮಿ ಹಾಗೇ ತುಂಗೆ, ಭದ್ರೆ ಕೂಡುವ ಕೂಡ್ಲಿ ದಾಟಿ ನಮ್ಮ ಕಡೆ ಬರುತ್ತದೆ. ಭದ್ರೆಯೂ ತುಂಬಿ ಗೇಟು ಎತ್ತಿದರಂತೂ ಕೇಳುವುದೇ ಬೇಡ. ಆದರೆ ನಮ್ಮೂರಿನ ಹೊಳೆ ದಂಡೆಯ ಬಾಲರಾಜ್ ಘಾಟಿನ ಅಜ್ಜಿಗೆ 70,000 ಕ್ಯೂಸೆಕ್ ಅಂದರೆ ಏನು ತಿಳಿಯಬೇಕು? ಅಕ್ಕಿ ಚೀಲ ಅಟ್ಟಕ್ಕೆ ಏರಿಸಬೇಕಾ, ಕಾಳಜಿ ಕೇಂದ್ರಕ್ಕೆ ಹೊರಡಬೇಕಾ, ಅವರಿಗೆ ಬೇಕಾದದ್ದು ಅಷ್ಟೇ.

ಇದಕ್ಕೆ ದಾರಿ ಇದೆ. ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರೊಫೆಸರ್ ಪಾವೊಲಾ ಪಸ್ಸಲಾಕ್ವಾ ನದಿ, ಮುಖಜಭೂಮಿ, ಪ್ರವಾಹಗಳ ಬಗ್ಗೆ ಸಂಶೋಧನೆ ಮಾಡುತ್ತಾರೆ. ನಮ್ಮದೇನೂ ಮುಖಜಭೂಮಿ ಅಲ್ಲ ಬಿಡಿ. ಇಲ್ಲಿಯ ನೀರು ಕೃಷ್ಣೆ ಸೇರಿ, ಆಂಧ್ರ ದಾಟಿ ಸಮುದ್ರ ಮುಟ್ಟುವ ಕಡೆ ಅದು ಸಿಗುತ್ತದೆ. ಆದರೆ ಅವರೂ ಸಹೋದ್ಯೋಗಿಗಳೂ 2018ರಲ್ಲಿ ಪ್ರಕಟಿಸಿದ 'ಜಿಯೋಫ್ಲಡ್' ವಿಧಾನ ನಮಗೆ ಬೇಕಾದದ್ದೇ. ಮೊದಲು ಲೇಸರ್‌ನಿಂದ ನೆಲದ ಏರುತಗ್ಗು ಅಳೆದ ನಕ್ಷೆ ಬೇಕು. ಅದರಲ್ಲಿ ಹಳ್ಳ, ಹೊಳೆ ಹರಿಯುವ ದಾರಿಯನ್ನು ಕಂಪ್ಯೂಟರ್ ಗುರುತಿಸುತ್ತದೆ. ಪ್ರತಿ ಜಾಗವೂ ತನ್ನ ನೀರು ಹೋಗಿ ಸೇರುವ ಹೊಳೆಗಿಂತ ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಇಷ್ಟು ಕ್ಯೂಸೆಕ್ ಬಂದರೆ ಹೊಳೆ ಎಷ್ಟು ಅಡಿ ಏರುತ್ತದೆ ಅಂತ ತಿಳಿದರೆ ಆಯಿತು, ಅದಕ್ಕಿಂತ ತಗ್ಗಿನ ಜಾಗವೆಲ್ಲ ಮುಳುಗಡೆ.

ಹಾಗಂತ ಕಂಪ್ಯೂಟರ್ ಹೇಳಿದ್ದನ್ನೇ ಸುಮ್ನೆ ನಂಬಬೇಡಿ. ಸೇತುವೆಗೆ ತಡೆದು ಹಿಂದೆ ನಿಲ್ಲುವ ನೀರು, ಮರಳು ತೋಡಿದ ಗುಂಡಿ, ಇವೆಲ್ಲ ಲೆಕ್ಕ ತಪ್ಪಿಸುತ್ತವೆ. ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹರಿಹರದ ಗಂಗಾನಗರದವರು ಗೋಡೆ ಮುಟ್ಟಿ ತೋರಿಸುತ್ತಾರೆ. ಉಕ್ಕಡಗಾತ್ರಿ-ಫತ್ತೇಪುರ ರಸ್ತೆ ಮೊದಲು ಎಲ್ಲಿ ಮುಳುಗುತ್ತದೆ ಅಂತ ಅಲ್ಲಿಯ ರೈತರಿಗೆ ಗೊತ್ತು. ನಕ್ಷೆಯನ್ನು ಆ ಗುರುತುಗಳ ಜೊತೆ ಹೋಲಿಸಿ ತಿದ್ದಬೇಕು. ಅದಕ್ಕೆ ಅಮೆರಿಕದಿಂದ ಯಾರೂ ಬರಬೇಕಿಲ್ಲ. ದಾವಣಗೆರೆಯಲ್ಲೇ ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳಿವೆ ಅಲ್ವಾ? ಕೊನೆ ವರ್ಷದ ಸಿವಿಲ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಯಾವುದಿದೆ?

ಹೊಳೆ ದಂಡೆಯ ಲೇಸರ್ ಸರ್ವೆಗೆ ಮಾತ್ರ ನಿಮ್ಮ ಸಹಿ, ನಿಮ್ಮ ಹಣ ಬೇಕು. ಬೇಸಿಗೆಯಲ್ಲಿ ಹೊಳೆ ಇಳಿದಾಗಲೇ ಮಾಡಿಸಿ. ಇಡೀ ಜಿಲ್ಲೆಗೆ ಒಮ್ಮೆಲೇ ಅಂತ ಕೂತರೆ ಕಡತ ಮುಂದೆ ಹೋಗಲ್ಲ. ಮೊದಲು ಹೊನ್ನಾಳಿ ಪಟ್ಟಣದ ನಕ್ಷೆ ಆಗಲಿ. ಇಷ್ಟು ಕ್ಯೂಸೆಕ್‌ಗೆ ಈ ಬೀದಿ ಎಂದು ಕನ್ನಡದಲ್ಲಿ ಬರೆಸಿ, ಬಾಲರಾಜ್ ಘಾಟಿನಲ್ಲೇ ಬೋರ್ಡ್ ಹಾಕಿಸಿ.

ಇಂತಿ,
ಹೊನ್ನಾಳಿಯ ಒಬ್ಬ ನಿವಾಸಿ