ಪರದೆ ಆಮೇಲೆ, ಮೊದಲು ಮೂಕಿ ಭಾರ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಹಳೇ ಟ್ರಾವೆಲ್ ಟ್ರೇಲರ್‌ಗಳನ್ನು ಹೊಸದು ಮಾಡಿಕೊಳ್ಳುವವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. ಬಿಳಿ ಕಪಾಟು, ಹೂವಿನ ಪರದೆ, ತೂಗುದೀಪ. ಫೋಟೊಗಳೇನೋ ಚೆನ್ನಾಗಿದ್ದವು. ಆದರೆ ತೂಕದ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾನು ತಿಪಟೂರಿನ ಕಡೆಯವನು, ಈಗ ಇರುವುದು ಒಹಾಯೊದ ಕೊಲಂಬಸ್‌ನಲ್ಲಿ. ನಮ್ಮದೂ 19 ಅಡಿಯ ಹಳೇ ಟ್ರೇಲರ್. ಪಿಕಪ್ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ. ಮೊದಲ ಬೇಸಿಗೆ ಪೂರ್ತಿ ಸೋರಿಕೆ ಹುಡುಕುವುದರಲ್ಲೇ ಕಳೆಯಿತು. ಚಾವಣಿ ಅಂಚಿನ ಸೀಲಂಟ್ ಬಿರುಕು ಬಿಟ್ಟಿತ್ತು. ಮೂಲೆಯ ಪ್ಲೈವುಡ್ ನೆನೆದ ಅವಲಕ್ಕಿಯ ಹಾಗಾಗಿತ್ತು, ಸ್ಕ್ರೂಡ್ರೈವರ್ ಸುಮ್ನೆ ಒಳಗೆ ಹೋಗುತ್ತಿತ್ತು.

ಆಮೇಲೆ ಬ್ಯಾಟರಿಗೆ ಕೈ ಹಾಕಿದೆ. ಮುಂದೆ, ಪಿಕಪ್‌ಗೆ ಸಿಕ್ಕಿಸುವ ಕೊಂಡಿಯ ಹತ್ತಿರ ಎರಡು ಲೆಡ್ ಆಸಿಡ್ ಬ್ಯಾಟರಿ ಇದ್ದವು. ಎರಡೂ ಸೇರಿ ಹತ್ತಿರ ಹತ್ತಿರ 50 ಕೆ.ಜಿ. ಅವು ಬಾಳಿಕೆ ಬರಬೇಕಾದರೆ ಅರ್ಧದಷ್ಟು ಚಾರ್ಜ್ ಮಾತ್ರ ಬಳಸಬೇಕು. ಹಾಗಾಗಿ ಅವೆರಡರ ಬದಲು 100 ಆಂಪಿಯರ್ ಅವರ್‌ನ ಒಂದೇ ಲೀಥಿಯಂ ಬ್ಯಾಟರಿ ತಂದೆ. ತೂಕ 12 ಕೆ.ಜಿ. ಹಳೇ ಚಾರ್ಜರ್ ಅದಕ್ಕೆ ಸರಿಹೋಗಲಿಲ್ಲ, ಅದಕ್ಕೂ ದುಡ್ಡು ಸುರಿದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು. ಇಲ್ಲಿನ ಚಳಿ ಗೊತ್ತಲ್ಲ, ಬೆಚ್ಚಗಿರಲಿ ಅಂತ ಹಿಂಬದಿಯ ಮಂಚದ ಕೆಳಗಿಟ್ಟೆ. ಸಾಲದ್ದಕ್ಕೆ ಹಿಂದಿನ ಬಂಪರ್‌ಗೆ ಎರಡು ಸೈಕಲ್ ಬೇರೆ. 'ಬೇಡ ಕಣ್ರೀ' ಅಂದಳು ಹೆಂಡತಿ. ನಾನು ಕೇಳಲಿಲ್ಲ.

ಸಿನ್ಸಿನಾಟಿ ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ದಾಟಿತು. ಅಷ್ಟಕ್ಕೇ ಟ್ರೇಲರ್ ಬಾಲ ಬೀಸತೊಡಗಿತು, ಪಿಕಪ್ಪೂ ಅದರ ಜೊತೆ ತೂಗಾಡಿತು. ಇಂಥ ಹೊತ್ತಲ್ಲಿ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಹಾಗೆ ಒತ್ತಿದರೆ ತೂಗಾಟ ಇನ್ನೂ ಜಾಸ್ತಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕ್ ಮಾತ್ರ ಹಿಡಿಯುವ ಕೈಗುಂಡಿಯನ್ನು ಮೆಲ್ಲಗೆ ಒತ್ತಬೇಕು. ಅದನ್ನು ಒತ್ತಿದ್ದು ನಾನಲ್ಲ, ಪಕ್ಕದಲ್ಲಿ ಕೂತಿದ್ದವಳು.

ಮರುದಿನ ಲಾರಿಗಳ ವೇಬ್ರಿಡ್ಜ್‌ನಲ್ಲಿ ತೂಗಿಸಿದೆವು. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ನಮ್ಮದು 7 ಇತ್ತು! ಬಾಲ ಬೀಸಿದ್ದು ಅದಕ್ಕೇ.

ನಮ್ಮಜ್ಜ ಸಂತೆಗೆ ಎತ್ತಿನ ಗಾಡಿಯಲ್ಲಿ ಕೊಬ್ಬರಿ ಮೂಟೆ ಹೇರುವಾಗ ಮೂಕಿಯನ್ನು, ಅಂದರೆ ನೊಗ ಕಟ್ಟುವ ಮುಂದಿನ ಮರವನ್ನು, ಒಮ್ಮೆ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಹಗುರ ಅನ್ನಿಸಿದರೆ ಒಂದೆರಡು ಮೂಟೆ ಮುಂದಕ್ಕೆ ತಳ್ಳಿಸುತ್ತಿದ್ದರು. ಹಿಂದೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ ಅಂತ. ಇಂಜಿನಿಯರಿಂಗ್ ಓದಿದ ಮೊಮ್ಮಗನಿಗೆ ಅದು ಹೊಳೆಯಲಿಲ್ಲ, ನೋಡಿ.

ಈಗ ಸೈಕಲ್‌ಗಳು ಪಿಕಪ್‌ನಲ್ಲಿವೆ. ಬ್ಯಾಟರಿ, ಉಪಕರಣದ ಪೆಟ್ಟಿಗೆ ಎರಡೂ ಟ್ರೇಲರ್ ಒಳಗೇ ಮುಂದಕ್ಕೆ ಬಂದಿವೆ. ಕೊಂಡಿಯ ಭಾರ 12ಕ್ಕೆ ಬಂತು. ಪರದೆ ಇನ್ನೂ ಹಳೆಯವೇ.

ಇನ್ನೊಮ್ಮೆ ಇಂಥ ಲೇಖನ ಹಾಕುವಾಗ ತೂಗುದೀಪದ ಪಕ್ಕ ವೇಬ್ರಿಡ್ಜ್ ಚೀಟಿಯದೂ ಒಂದು ಫೋಟೊ ಇರಲಿ. ಬೇಕಿದ್ದರೆ ನಮ್ಮದನ್ನೇ ಕಳಿಸುತ್ತೇನೆ, ಆ 7 ಇರುವ ಚೀಟಿ.

– ತಿಪಟೂರು ಮೂಲದ ಓದುಗ, ಕೊಲಂಬಸ್, ಒಹಾಯೊ